ಲೆನ್ಸ್ ಒರೆಸಿದ ಭಾನುವಾರ

ಇದನ್ನು ಬರೆಯಬೇಕೆಂದು ಕೂತು ಎದ್ದದ್ದು ಎಷ್ಟು ಸಲವೋ ನೆನಪಿಲ್ಲ. ಕೂತ ಕೂಡಲೇ ಫೋನಿಗೆ ಒಂದು ಅಪ್‌ಡೇಟ್ ಬಂದಿರುತ್ತದೆ. ಅದನ್ನು ಹಾಕಿ, ಏನೇನು ಬದಲಾಗಿದೆ ಅಂತ ನೋಡಿ, ಬದಲಾಗಬಾರದ್ದೇ ಬದಲಾಗಿದೆ ಅಂತ ಬೈದು ಮುಗಿಸುವಷ್ಟರಲ್ಲಿ ಊಟದ ಹೊತ್ತಾಗುತ್ತದೆ. ಮಾರನೇ ದಿನ ಟಿವಿಗೆ ಹೊಸ ಸಿನಿಮಾ ಬಂದಿರುತ್ತದೆ. ಹೀಗೆ ಮುಂದಕ್ಕೆ ಹಾಕುತ್ತಾ ಹಾಕುತ್ತಾ ಹದಿನೈದು ವರ್ಷ ಕಳೆದಿರಬೇಕು. ನಾನೊಂದು ಸುಳ್ಳು ಹೇಳಿದ್ದೆ. ಆ ಸುಳ್ಳಿನಿಂದ ಒಬ್ಬರ ಅಂಗಡಿಯ ಹೆಸರು ಕೆಟ್ಟಿತು, ಆಮೇಲೆ ಅಂಗಡಿಯೇ ಮುಚ್ಚಿತು. ಅದನ್ನು ಹೇಳುವುದಕ್ಕಾಗಿ ಇವತ್ತು ಫೋನನ್ನು ಅಡುಗೆಮನೆಯ ಡಬ್ಬಿ ಸಾಲಿನಲ್ಲಿಟ್ಟು ಬಂದು ಕೂತಿದ್ದೇನೆ.

ಮೊದಲು ನನ್ನ ವಿಷಯ. ಓದಿದ್ದು ಎಸ್ಸೆಸ್ಸೆಲ್ಸಿ. ಭದ್ರಾವತಿಯ ಒಂದು ಕಾರ್ಖಾನೆಯಲ್ಲಿ ಮೀಟರು, ಗೇಜುಗಳನ್ನು ನೋಡಿಕೊಳ್ಳುವ ಸೆಕ್ಷನ್ನಿಗೆ ಹೆಲ್ಪರ್ ಆಗಿ ಸೇರಿ, ಅದೇ ಸೆಕ್ಷನ್ನಿನಿಂದ ನಿವೃತ್ತನಾದೆ. ಈಗ ಶಿವಮೊಗ್ಗದ ರವೀಂದ್ರನಗರದಲ್ಲಿ ನಾನು, ನನ್ನ ಹೆಂಡತಿ, ಮತ್ತು ಅವಳ ಲೆಕ್ಕದಲ್ಲಿ ಹದಿಮೂರು ರಿಮೋಟುಗಳು ವಾಸವಾಗಿದ್ದೇವೆ. ಅದರಲ್ಲಿ ನಾಲ್ಕು ಯಾವ ಸಾಮಾನಿನವು ಅಂತ ನನಗೂ ಗೊತ್ತಿಲ್ಲ. ಬಿಸಾಡಲು ಮನಸ್ಸಿಲ್ಲ.

ಹೊಸ ವಸ್ತು ಬಂದರೆ ಬಿಚ್ಚಿ ನೋಡದೆ ನನಗೆ ನಿದ್ದೆ ಬರುವುದಿಲ್ಲ. ನೋಡಿದ ಮೇಲೆ ಅದರ ಬಗ್ಗೆ ಅಭಿಪ್ರಾಯ ಹೇಳದೆ ಊಟ ಸೇರುವುದಿಲ್ಲ. ಬೆಳಗಿನ ವಾಕಿಂಗ್ ಗೆಳೆಯರ ವಾಟ್ಸಾಪ್ ಗುಂಪಿನಲ್ಲಿ ನಾನು ಆಗಾಗ ಬರೆದು ಹಾಕುತ್ತೇನೆ. ಓದುವವರು ಮೂರು ಜನ, ಹೆಬ್ಬೆರಳು ಒತ್ತುವವರು ನಲವತ್ತು ಜನ. ಆದರೂ ಬರೆಯುತ್ತೇನೆ. ಟಾರ್ಚ್ ಹಚ್ಚುವ ಒಂದು ಆ್ಯಪ್ ನನ್ನ ಫೋನಿನಲ್ಲಿರುವ ಎಲ್ಲರ ನಂಬರು ಕೇಳಿದಾಗ, 'ದೀಪ ಹಚ್ಚಲು ನಮ್ಮ ಬೀಗರ ನಂಬರ್ ಯಾಕೆ ಬೇಕು' ಅಂತ ಬರೆದಿದ್ದೆ. ಅದೊಂದನ್ನು ಮಾತ್ರ ಹತ್ತು ಜನ ಓದಿದರು. ಫೋನಿನಲ್ಲಿ ಇಯರ್‌ಫೋನಿನ ತೂತು ಮುಚ್ಚಿ, ಡಬ್ಬಿಯೊಳಗಿನ ಚಾರ್ಜರ್ ತೆಗೆದು, ಬೆಲೆ ಮಾತ್ರ ಏರಿಸಿದ್ದನ್ನು ನಾನಿನ್ನೂ ಕ್ಷಮಿಸಿಲ್ಲ.

ಸಿನಿಮಾ ಮನೆಗೇ ಬರುವುದು ನನಗೆ ಬಹಳ ಇಷ್ಟ. ಥಿಯೇಟರಿನಲ್ಲಿ ಬಂದ ನಾಲ್ಕೈದು ವಾರಕ್ಕೆ ನಮ್ಮ ಹಾಲಿಗೆ ಬಂದು ಕೂರುತ್ತದೆ. ಲುಂಗಿಯಲ್ಲಿ ಕೂತು ನೋಡಬಹುದು, ಮಧ್ಯೆ ಎದ್ದು ಬಚ್ಚಲಿಗೆ ಹೋಗಿ ಬರಬಹುದು. ಆದರೆ ಆ ಸೌಂಡಿನ ವಿಷಯ ಯಾರಿಗೆ ಹೇಳುವುದು? ನಾಯಕ ನಾಯಕಿ ಮಾತಾಡುವಾಗ ಕಿವಿಯಲ್ಲಿ ಗುಟ್ಟು ಹೇಳಿದ ಹಾಗಿರುತ್ತದೆ. ಕೇಳಲಿ ಅಂತ ಜಾಸ್ತಿ ಮಾಡಿದರೆ ಮರುಕ್ಷಣವೇ ಹೊಡೆದಾಟ ಶುರುವಾಗಿ ಪಕ್ಕದ ಮನೆಯ ನಾಯಿ ಬೊಗಳುತ್ತದೆ. ಇಡೀ ಸಿನಿಮಾ ನನ್ನ ಹೆಬ್ಬೆರಳು ವಾಲ್ಯೂಮ್ ಗುಂಡಿಯ ಮೇಲೇ. ಸಿನಿಮಾ ಮುಗಿದು ದುಡಿದವರ ಹೆಸರುಗಳು ಬರುವಾಗ ಪರದೆ ಸಣ್ಣದಾಗಿ ಇನ್ನೊಂದು ಸಿನಿಮಾ ಶುರುವಾಗುವುದಂತೂ, ಮಜ್ಜಿಗೆ ಅನ್ನ ಉಣ್ಣುತ್ತಿರುವಾಗಲೇ ಎಲೆ ಎಳೆದ ಹಾಗೆ.

ಇನ್ನೊಂದು ದೂರಿದೆ. ಹೋದ ವರ್ಷ ಇಷ್ಟಪಟ್ಟು ನೋಡಿದ್ದ ಸಿನಿಮಾವನ್ನು ಹೆಂಡತಿಗೆ ತೋರಿಸೋಣ ಅಂತ ಹುಡುಕಿದರೆ ಅದು ಅಲ್ಲಿಂದ ಹೋಗಿಬಿಟ್ಟಿತ್ತು. ಹೇಳಿಲ್ಲ ಕೇಳಿಲ್ಲ.

"ಎಲ್ಲಿ ನಿಮ್ಮ ಸಿನಿಮಾ?" ಅಂದಳು ಹೆಂಡತಿ.

"ತೆಗೆದುಬಿಟ್ಟಿದಾರೆ ಮಾರಾಯ್ತಿ. ಹಕ್ಕು ಮುಗೀತಂತೆ."

"ಡಿಸ್ಕ್ ಆಗಿದ್ರೆ ಕಪಾಟಲ್ಲೇ ಇರ್ತಿತ್ತು" ಅಂದು ಅವಳು ಹುರುಳಿಕಾಯಿ ಸೋಸುವುದನ್ನು ಮುಂದುವರಿಸಿದಳು. ಡಿಸ್ಕ್ ಅನ್ನುವ ಮಾತು ಬಂದರೆ ನಮ್ಮ ಮನೆಯಲ್ಲಿ ನಾನು ಸುಮ್ಮನಾಗುವುದು ಅವಳಿಗೆ ಗೊತ್ತು. ಗೊತ್ತಿದ್ದೇ ಅಂದಳು.

ಭದ್ರಾವತಿಯಲ್ಲಿ ನಾವಿದ್ದ ಕ್ವಾರ್ಟರ್ಸ್‌ನ ಹಿಂದಿನ ರಸ್ತೆಯಲ್ಲಿ ಒಂದು ವಿಡಿಯೊ ಲೈಬ್ರರಿ ಇತ್ತು. ಮನೆಯ ಮುಂದಿನ ಕೋಣೆಯನ್ನೇ ಅಂಗಡಿ ಮಾಡಿಕೊಂಡಿದ್ದರು. ಮೊದಲು ಕ್ಯಾಸೆಟ್, ಆಮೇಲೆ ಸಿಡಿ, ಕೊನೆಗೆ ಡಿವಿಡಿ. ನಡೆಸುತ್ತಿದ್ದವನು ನನಗಿಂತ ಹತ್ತು ವರ್ಷ ಚಿಕ್ಕವನು. ಮನೆಯಲ್ಲಿ ತಮಿಳು, ಬೀದಿಯಲ್ಲಿ ಕನ್ನಡ. ನನ್ನನ್ನು ಅಣ್ಣ ಅನ್ನುತ್ತಿದ್ದ. ಮಧ್ಯಾಹ್ನ ಅವನು ಊಟಕ್ಕೆ ಹೋದಾಗ ಅವನ ಹೆಂಡತಿ ಅಂಗಡಿಯಲ್ಲಿ ಕೂತು ಸೀರೆಗಳಿಗೆ ಫಾಲ್ ಹೊಲಿಯುತ್ತಾ ಡಿಸ್ಕ್ ಕೊಡುತ್ತಿದ್ದಳು.

ಅವನದೊಂದು ಪದ್ಧತಿ ಇತ್ತು. ಪ್ರತಿ ಡಿಸ್ಕಿನ ಕವರಿನ ಮೇಲೆ ಒಂದು ಬಿಳಿ ಚೀಟಿ ಅಂಟಿಸಿ, ಆ ಸಿನಿಮಾ ಹೇಗಿದೆ ಅಂತ ಒಂದೇ ಸಾಲು ಬರೆದಿರುತ್ತಿದ್ದ. 'ಅಮ್ಮನ ಜೊತೆ ನೋಡಬಹುದು.' 'ಇಂಟರ್‌ವಲ್ ಆದಮೇಲೆ ಮಲಗಬಹುದು.' 'ಹಾಡು ಚೆನ್ನಾಗಿದೆ, ಉಳಿದದ್ದು ದೇವರಿಗೆ ಬಿಟ್ಟದ್ದು.' ಕವರಿನ ಮೇಲಿನ ಚಿತ್ರಕ್ಕಿಂತ ಜನ ಆ ಚೀಟಿಯನ್ನು ನಂಬುತ್ತಿದ್ದರು. ನನಗೆ ಅದನ್ನು ನೋಡಿದರೆ ಕೈ ತುರಿಸುತ್ತಿತ್ತು.

"ಇದನ್ನ ಬೋರು ಅಂತ ಬರ್ದಿದೀಯ. ಕ್ಯಾಮೆರಾ ಕೆಲಸ ನೋಡಿದ್ಯಾ ಇದ್ರದ್ದು?" ಅಂದರೆ, "ನೋಡ್ದೆ ಅಣ್ಣ. ಕ್ಯಾಮೆರಾ ಓಡಾಡ್ತಾ ಇತ್ತು, ಕಥೆ ಮಾತ್ರ ಕೂತಿತ್ತು" ಅನ್ನುತ್ತಿದ್ದ.

"ನಿಂಗೆ ಪಿಕ್ಚರ್ ಕ್ವಾಲಿಟಿ ಅಂದ್ರೇನು ಅಂತ ಗೊತ್ತಾ?"

"ಗೊತ್ತಿಲ್ಲ. ನಿಮ್ಗೆ ಗೊತ್ತಲ್ಲ, ಸಾಕು ಬಿಡಿ ಇಡೀ ಭದ್ರಾವತಿಗೆ."

ಅಲ್ಲಿ ನಿಂತವರು ನಗುತ್ತಿದ್ದರು. ನಾನೂ ನಗುತ್ತಿದ್ದೆ. ಆದರೆ ಒಳಗೆಲ್ಲೋ ಚುಚ್ಚುತ್ತಿತ್ತು ಅನ್ನುವುದನ್ನು ಇವತ್ತು ಒಪ್ಪಿಕೊಳ್ಳಬೇಕು. ಕ್ವಾರ್ಟರ್ಸ್‌ನಲ್ಲಿ ಮೊದಲ ಡಿವಿಡಿ ಪ್ಲೇಯರ್ ತಂದವನು ನಾನು. ಐದು ಸ್ಪೀಕರನ್ನು ನಾನೇ ಜೋಡಿಸಿ, ಗೋಡೆಗೆ ಮೊಳೆ ಹೊಡೆದು, ಹಿಂದಿನಿಂದ ಮಳೆ ಸುರಿದ ಹಾಗೆ ಕೇಳಿಸಿದವನು ನಾನು. ಟಿವಿ ಕೆಟ್ಟರೆ, ಆ್ಯಂಟೆನಾ ತಿರುಗಿದರೆ ಎಲ್ಲರೂ ಬರುತ್ತಿದ್ದದ್ದು ನಮ್ಮ ಮನೆಗೆ. ಸಿನಿಮಾ ಯಾವುದು ನೋಡಲಿ ಅಂತ ಕೇಳಲು ಮಾತ್ರ ಅವನ ಹತ್ತಿರ ಹೋಗುತ್ತಿದ್ದರು.

ಒಂದು ಭಾನುವಾರ ನನ್ನ ಪ್ಲೇಯರಿನಲ್ಲಿ ಚಿತ್ರ ತಡವರಿಸಿತು. ಮಧ್ಯೆ ಮಧ್ಯೆ ನಿಂತು ಚೌಕ ಚೌಕವಾಗಿ ಒಡೆಯುತ್ತಿತ್ತು. ಲೆನ್ಸಿನ ಮೇಲೆ ದೂಳು ಕೂತಿದೆ ಅಂತ ನನಗೆ ತಕ್ಷಣ ಗೊತ್ತಾಯಿತು. ಅಲ್ಲಿಯವರೆಗೆ ಸರಿಯಾಗಿಯೇ ಇತ್ತು ನನ್ನ ಬುದ್ಧಿ.

ಕಾರ್ಖಾನೆಯಲ್ಲಿ ನಾನು ಮೂವತ್ತು ವರ್ಷ ಮಾಡಿದ್ದು ಏನು? ಗೇಜುಗಳ ಗಾಜು ಒರೆಸಿದ್ದು. ಎಣ್ಣೆ, ಮಸಿ ಹಿಡಿದು ಮುಳ್ಳೇ ಕಾಣದ ಗಾಜಿಗೆ ಪೇಂಟ್ ಸೆಕ್ಷನ್ನಿನ ಥಿನ್ನರನ್ನು ಹತ್ತಿಯಲ್ಲಿ ಅದ್ದಿ ಒಂದು ಸುತ್ತು ಸುತ್ತಿದರೆ ಕನ್ನಡಿಯ ಹಾಗೆ ಹೊಳೆಯುತ್ತಿತ್ತು. ನಮ್ಮ ಸೆಕ್ಷನ್ನಿನಲ್ಲಿ ಎಲ್ಲರ ಮನೆಯಲ್ಲೂ ಒಂದು ಸಣ್ಣ ಬಾಟಲಿ ಥಿನ್ನರ್ ಇರುತ್ತಿತ್ತು. ಬಾಗಿಲಿನ ಮೇಲೆ ಮಕ್ಕಳು ಬರೆದ ಗೀಟಿನಿಂದ ಹಿಡಿದು ಸೈಕಲ್ ಚೈನಿನ ಜಿಡ್ಡಿನವರೆಗೆ ಎಲ್ಲಕ್ಕೂ ಅದೇ ಔಷಧಿ. ನಾನು ಪ್ಲೇಯರಿನ ಸ್ಕ್ರೂ ಬಿಚ್ಚಿ, ಕಡಲೆಕಾಳಿಗಿಂತ ಚಿಕ್ಕದಾದ ಆ ಲೆನ್ಸಿಗೆ ಥಿನ್ನರ್ ಹತ್ತಿ ಮುಟ್ಟಿಸಿದೆ.

ಚಿತ್ರ ಎಷ್ಟು ಚೆನ್ನಾಗಿ ಬಂತೆಂದರೆ ನನಗೆ ನನ್ನ ಮೇಲೇ ಹೆಮ್ಮೆ ಉಕ್ಕಿತು. ಅಷ್ಟಕ್ಕೇ ಸುಮ್ಮನಿರಬೇಕಿತ್ತು. ಬಾಟಲಿ ಜೇಬಿಗೆ ಹಾಕಿಕೊಂಡು ಎದುರು ಮನೆಗೆ ಹೋದೆ, ಅಲ್ಲಿಂದ ಪಕ್ಕದ ಮನೆಗೆ, ಅಲ್ಲಿಂದ ಮೂಲೆ ಮನೆಗೆ. ಯಾರೂ ಕರೆದಿರಲಿಲ್ಲ. "ಲೆನ್ಸ್ ಸರ್ವಿಸ್ ಮಾಡ್ಕೊಡ್ತೀನಿ, ಅದಕ್ಕೇ ಅಂತ ಒಂದು ಲಿಕ್ವಿಡ್ ಇದೆ" ಅಂದೆ. ಮೂರೂ ಪ್ಲೇಯರು ಬಿಚ್ಚಿ ಒರೆಸಿ, ಮೂರೂ ಮನೆಯಲ್ಲಿ ಕಾಫಿ ಕುಡಿದು ಬಂದೆ.

ಮಂಗಳವಾರ ನನ್ನ ಪ್ಲೇಯರ್ 'ನೋ ಡಿಸ್ಕ್' ಅಂತ ತೋರಿಸಿತು. ಡಿಸ್ಕ್ ಒಳಗೇ ಇತ್ತು. ಬುಧವಾರ ಎದುರು ಮನೆಯದ್ದು, ಶನಿವಾರದೊಳಗೆ ಇನ್ನೆರಡು ಮನೆಯದ್ದು.

ನನ್ನ ಪ್ಲೇಯರನ್ನು ಚೀಲದಲ್ಲಿ ಹಾಕಿಕೊಂಡು ಬಸ್ಸಿನಲ್ಲಿ ಶಿವಮೊಗ್ಗಕ್ಕೆ ಬಂದೆ. ಗಾಂಧಿ ಬಜಾರಿನ ಒಂದು ಓಣಿಯಲ್ಲಿ ಇಂಥವನ್ನು ರಿಪೇರಿ ಮಾಡುವವನೊಬ್ಬನಿದ್ದ. ಬಿಚ್ಚಿ, ಭೂತಗಾಜು ಹಿಡಿದು ನೋಡಿ, ನನ್ನ ಮುಖ ನೋಡಿದ.

"ಪೂರಾ ಬರ್ಬಾದ್ ಆಗಿದೆ ಸಾರ್. ಏನು ಹಾಕಿದ್ರಿ ಇದಕ್ಕೆ?"

"ಏನೂ ಇಲ್ಲ. ಒರೆಸಿದ್ದೆ."

"ಏನ್ರಲ್ಲಿ?"

ಹೇಳಿದೆ. ಅವನು ಕುರ್ಚಿಗೆ ಒರಗಿದ.

"ಪ್ಲಾಸ್ಟಿಕ್ ಲೆನ್ಸಿಗೆ ಥಿನ್ನರಾ ಸಾರ್?"

"ಗಾಜಲ್ವಾ ಅದು?"

"ಈ ರೇಟಿಗೆ ಗಾಜು ಯಾರು ಕೊಡ್ತಾರೆ? ನೀವೇ ನೋಡಿ." ಭೂತಗಾಜು ನನ್ನ ಕೈಗೆ ಕೊಟ್ಟ. ಲೆನ್ಸಿನ ಮೇಲೆಲ್ಲಾ ಜೇಡರ ಬಲೆಯಂಥ ಬಿರುಕು, ಮೇಲೆ ಮಂಜು ಕವಿದ ಹಾಗೆ ಬಿಳುಪು. ಆ ಹೊತ್ತಿಗೆ ನನಗೆ ಎಲ್ಲ ಗೊತ್ತಾಯಿತು. ಗೊತ್ತಿರಲಿಲ್ಲ ಅನ್ನುವ ಸಬೂಬು ಅಲ್ಲಿಗೆ ಮುಗಿಯಿತು.

ವಾಪಸು ಬರುವಾಗ ಬಸ್ಸಿನಲ್ಲಿ ಏನು ಹೇಳಬೇಕು ಅಂತ ಯೋಚಿಸಿಕೊಂಡೇ ಬಂದೆ. ನಿಜವನ್ನೇ ಹೇಳುವುದು ಅಂತ ತೀರ್ಮಾನವೂ ಆಗಿತ್ತು. ಮನೆ ಗೇಟಿನಲ್ಲಿ ಎದುರು ಮನೆಯವರು ನಿಂತಿದ್ದರು.

"ಏನಂತೆ ಮಾರಾಯ್ರೆ? ನಾಲ್ಕೂ ಒಟ್ಟಿಗೆ ಹೋಗೋದು ಅಂದ್ರೇನು? ನೀವು ಅಷ್ಟು ಚೆನ್ನಾಗಿ ಕ್ಲೀನ್ ಮಾಡಿಕೊಟ್ಟ ಮೇಲೂ ಹೋಯ್ತಲ್ಲ."

ಆ ಕೊನೆಯ ಮಾತು ಅವರು ಹೇಳದಿದ್ದರೆ ಅಂತ ಬಹಳ ಸಲ ಅಂದುಕೊಂಡಿದ್ದೇನೆ. ಅದು ನನಗೆ ಬಾಗಿಲು ತೆರೆದು ಕೊಟ್ಟಿತು.

"ಡಿಸ್ಕಿನ ದೋಷವಂತೆ" ಅಂದೆ. "ಅಗ್ಗದ ಡಿಸ್ಕಿನ ಮೇಲೆ ಒಂದು ಲೇಪ ಇರತ್ತೆ. ಒಳಗಿನ ಬಿಸಿಗೆ ಅದು ಆವಿಯಾಗಿ ಲೆನ್ಸಿಗೆ ಹೊಡೆಯತ್ತೆ. ನಾಲ್ಕು ಮನೆಗೂ ಡಿಸ್ಕ್ ಎಲ್ಲಿಂದ ಬರ್ತಿತ್ತು ಹೇಳಿ?"

ಅವರು ತಲೆಯಾಡಿಸಿದರು. ಅಂಥ ಲೇಪವೂ ಇಲ್ಲ, ಅಂಥ ಆವಿಯೂ ಇಲ್ಲ. ಮಾತಾಡುತ್ತಾ ಮಾತಾಡುತ್ತಾ ನಾನೇ ಹುಟ್ಟಿಸಿದ್ದು ಅದು. ಎಷ್ಟು ಸಲೀಸಾಗಿ ಬಂತೆಂದರೆ, ಹೇಳಿ ಮುಗಿಸುವಷ್ಟರಲ್ಲಿ ನನಗೇ ಅರ್ಧ ನಂಬಿಕೆ ಬಂದಿತ್ತು. ಒಂದು ವಾರದಲ್ಲಿ ಇಡೀ ಕ್ವಾರ್ಟರ್ಸಿಗೆ ಗೊತ್ತಾಯಿತು: ಲೈಬ್ರರಿಯ ಡಿಸ್ಕ್ ಲೆನ್ಸ್ ತಿನ್ನುತ್ತದೆ.

ಒಂದು ಸಂಜೆ ಅವನು ನಮ್ಮ ಮನೆಗೆ ಬಂದ. ತನ್ನ ಅಂಗಡಿಯ ಪ್ಲೇಯರನ್ನು ಟವೆಲಿನಲ್ಲಿ ಸುತ್ತಿ ಕಂಕುಳಲ್ಲಿ ಇಟ್ಟುಕೊಂಡಿದ್ದ. ಎದುರು ಮನೆಯವರೂ ಪಕ್ಕದ ಮನೆಯವರೂ ಅವನ ಹಿಂದೆಯೇ ಬಂದರು.

"ಅಣ್ಣ, ಇದು ಬೆಳಿಗ್ಗೆ ಒಂಬತ್ತರಿಂದ ಅಂಗಡಿಯಲ್ಲಿ ಓಡ್ತಾನೇ ಇರತ್ತೆ. ಇದೇ ಡಿಸ್ಕುಗಳು. ನೋಡಿ ನೀವೇ." ನನ್ನ ಟಿವಿಗೆ ವೈರು ಸಿಕ್ಕಿಸಿ, ನಾನು ಆ ಭಾನುವಾರ ನೋಡಿದ್ದ ಡಿಸ್ಕನ್ನೇ ಹಾಕಿದ. ನೀರಿನ ಹಾಗೆ ಓಡಿತು. "ನನ್ನ ಡಿಸ್ಕ್ ಲೆನ್ಸ್ ತಿನ್ನೋದಾದ್ರೆ ಮೊದಲು ನಂದೇ ಹೋಗ್ಬೇಕಿತ್ತಲ್ಲ?"

ಎಲ್ಲರೂ ನನ್ನ ಕಡೆ ತಿರುಗಿದರು. ಅಂಥ ನೇರ ಪರೀಕ್ಷೆಯನ್ನು ನಮ್ಮ ಸೆಕ್ಷನ್ನಿನ ಇಂಜಿನಿಯರುಗಳೂ ಮಾಡುತ್ತಿರಲಿಲ್ಲ.

"ನಿಂದು ಹಳೇ ಮಾಡೆಲ್" ಅಂದೆ. "ಅದರಲ್ಲಿ ಲೆನ್ಸ್ ದಪ್ಪ. ಹೊಸದ್ರಲ್ಲಿ ತೆಳು. ತಡ್ಕೊಳಲ್ಲ."

"ದಪ್ಪ ಇರತ್ತಾ?"

"ಹೌದಪ್ಪ."

ಅವನು ನನ್ನ ಹತ್ತಿರಕ್ಕೆ ಸರಿದ. ಆಮೇಲೆ ನನಗೆ ಮಾತ್ರ ಕೇಳುವ ಹಾಗೆ ದನಿ ತಗ್ಗಿಸಿ, "ಏನಾದ್ರೂ ಹಾಕಿ ಒರೆಸಿದ್ರಾ ಅಣ್ಣ?" ಅಂದ.

ಅವನು ದನಿ ತಗ್ಗಿಸಿದ್ದು ನನ್ನ ಮರ್ಯಾದೆ ಉಳಿಸಲು. ಆಗಲೂ ನನಗೆ ಅದು ತಿಳಿಯಿತು. ನಾನು ಎಲ್ಲರಿಗೂ ಕೇಳುವ ಹಾಗೆ, "ಲೆನ್ಸಿಗೇ ಅಂತ ಬರೋ ಲಿಕ್ವಿಡ್ ಅಷ್ಟೇ" ಅಂದೆ.

"ಸರಿ ಅಣ್ಣ. ನೀವು ಹೇಳಿದ್ರೆ ಸರಿಯಾಗೇ ಇರತ್ತೆ." ವೈರು ಬಿಚ್ಚಿ, ಪ್ಲೇಯರನ್ನು ಟವೆಲಿನಲ್ಲಿ ಸುತ್ತಿಕೊಂಡು ಹೋದ.

ಐದಾರು ತಿಂಗಳಲ್ಲಿ ಅಂಗಡಿ ಮುಚ್ಚಿತು. ಬಹಳ ಕಾಲ ನಾನು ನನಗೆ ಒಂದು ಸಮಾಧಾನ ಹೇಳಿಕೊಳ್ಳುತ್ತಿದ್ದೆ: ಡಿವಿಡಿಯ ಕಾಲ ಹೇಗೂ ಮುಗಿಯುತ್ತಿತ್ತು, ಪೆನ್ ಡ್ರೈವ್ ಬಂತು, ಇಂಟರ್ನೆಟ್ ಬಂತು, ಯಾವ ಲೈಬ್ರರಿ ಉಳಿದಿದೆ ಅಂತ. ನಿಜ, ಯಾವುದೂ ಉಳಿಯಲಿಲ್ಲ. ಆದರೆ ಪೇಟೆಯ ಉಳಿದ ಲೈಬ್ರರಿಯವರು ಅದೇ ಜಾಗದಲ್ಲಿ ಮೊಬೈಲ್ ರಿಪೇರಿ, ರೀಚಾರ್ಜ್ ಅಂತ ಶುರುಮಾಡಿದರು. ಇವನೂ ಬೋರ್ಡು ಬರೆಸಿದ್ದ. ಪ್ಲೇಯರ್ ಹಾಳುಮಾಡಿದವನು ಅನ್ನಿಸಿಕೊಂಡವನ ಕೈಗೆ ಯಾರು ಮೊಬೈಲ್ ಕೊಡುತ್ತಾರೆ? ಬೋರ್ಡು ಒಂದು ತಿಂಗಳೂ ನೇತಾಡಲಿಲ್ಲ. ಶಿವಮೊಗ್ಗದ ಬಟ್ಟೆ ಅಂಗಡಿಯೊಂದರಲ್ಲಿ ಸೀರೆ ಬಿಡಿಸಿ ತೋರಿಸುವ ಕೆಲಸಕ್ಕೆ ಸೇರಿದ ಅಂತ ಕೇಳಿದೆ. ಆಮೇಲೆ ಮನೆಯವರೆಲ್ಲ ರಾಗಿಗುಡ್ಡದ ಕಡೆ ಬಾಡಿಗೆ ಮನೆಗೆ ಹೋದರು.

ಒಂದೇ ಒಂದು ಸಲ ಅವನು ಸಿಕ್ಕಿದ್ದ. ನಾನು ನಿವೃತ್ತನಾದ ಹೊಸದು. ಭದ್ರಾವತಿಯಲ್ಲಿ ಶಿವಮೊಗ್ಗದ ಬಸ್ಸು ಹತ್ತಿದರೆ, ಖಾಲಿ ಇದ್ದ ಒಂದೇ ಸೀಟು ಅವನ ಪಕ್ಕದ್ದು.

"ಬನ್ನಿ ಅಣ್ಣ, ಕೂತ್ಕೊಳಿ" ಅಂತ ಕಿಟಕಿಯ ಕಡೆ ಸರಿದ. ಕೂತೆ. ಈಗ ಹೇಳಬೇಕು ಅಂದುಕೊಂಡೆ. ಅಷ್ಟರಲ್ಲಿ ಅವನೇ, "ಒಂದು ಫೋನ್ ತಗೋಬೇಕು ಅಂತಿದೀನಿ. ಯಾವುದು ಒಳ್ಳೇದು?" ಅಂತ ಕೇಳಿದ.

ಆ ಪ್ರಶ್ನೆಯನ್ನು ಅವನು ಮರ್ಯಾದೆಗೆ ಕೇಳಿದನೋ, ನಿಜವಾಗಿ ಬೇಕಿತ್ತೋ, ಅಥವಾ ನನ್ನನ್ನು ಆ ಮುಜುಗರದಿಂದ ಪಾರು ಮಾಡಲು ಕೇಳಿದನೋ ಗೊತ್ತಿಲ್ಲ. ನಾನಂತೂ ಶಿವಮೊಗ್ಗ ಮುಟ್ಟುವವರೆಗೂ ಬಾಯಿ ಮುಚ್ಚಲಿಲ್ಲ. ಬ್ಯಾಟರಿ, ಮೆಮೊರಿ, ಕ್ಯಾಮೆರಾ, ಯಾವ ಕಂಪನಿಯ ಸಾಫ್ಟ್‌ವೇರಿನಲ್ಲಿ ಜಾಹೀರಾತು ಜಾಸ್ತಿ, ಎಲ್ಲ ಹೇಳಿದೆ. ಅವನು "ಹೌದಾ", "ಹಾಗಾ" ಅನ್ನುತ್ತಾ ಕೇಳಿದ. ಇಳಿಯುವಾಗ, "ಥ್ಯಾಂಕ್ಸ್ ಅಣ್ಣ, ಒಳ್ಳೇ ವಿಷಯ ಹೇಳಿದ್ರಿ" ಅಂದ. ನಾನು ಅವನ ಹೆಂಡತಿ ಹೇಗಿದ್ದಾಳೆ ಅಂತಲೂ ಕೇಳಿರಲಿಲ್ಲ.

ಎರಡು ವರ್ಷದ ಹಿಂದೆ ಹಳೇ ಕ್ವಾರ್ಟರ್ಸಿನವರ ವಾಟ್ಸಾಪ್ ಗುಂಪಿನಲ್ಲಿ ಅವನ ಫೋಟೊ ಬಂತು. ಹೃದಯಾಘಾತ. ಎಲ್ಲರೂ ಎರಡು ಕೈ ಮುಗಿದ ಚಿತ್ರ ಹಾಕಿದ್ದರು. ನಾನೂ ಒಂದು ಹಾಕಿದೆ. ರಾಗಿಗುಡ್ಡ ನಮ್ಮ ಮನೆಯಿಂದ ಆಟೋದಲ್ಲಿ ಎಷ್ಟು ದೂರ? ಹೋಗಲಿಲ್ಲ.

ಈಚೆಗೆ ಒಂದು ಬೆಳಿಗ್ಗೆ ಅವನ ಹೆಂಡತಿಯೇ ನಮ್ಮ ಮನೆಗೆ ಬಂದಳು. ವಿಳಾಸ ಅದೇ ಗುಂಪಿನಿಂದ ಸಿಕ್ಕಿತಂತೆ. ಕೈಯಲ್ಲಿ ಬಟ್ಟೆ ಅಂಗಡಿಯ ಚೀಲ, ಅದರೊಳಗೆ ಒಂದೇ ಒಂದು ಡಿಸ್ಕ್.

"ಅಣ್ಣ, ಇದನ್ನ ಪೆನ್ ಡ್ರೈವಿಗೆ ಹಾಕ್ಕೊಡಕ್ಕೆ ಆಗತ್ತಾ? ಮಗಳ ಲ್ಯಾಪ್‌ಟಾಪಲ್ಲಿ ಇದನ್ನ ಹಾಕೋ ಜಾಗಾನೇ ಇಲ್ಲ. ಒಂದು ವರ್ಷ ಆಯುಧಪೂಜೆ ದಿನ ಅಂಗಡೀಲಿ ಅವರು ಸ್ನೇಹಿತರ ಕ್ಯಾಮೆರಾದಲ್ಲಿ ತೆಗೆಸಿದ್ದು. ಅವರ ಮಾತು ಇರೋದು ಇದೊಂದ್ರಲ್ಲೇ."

ಯುಎಸ್‌ಬಿಗೆ ಸಿಕ್ಕಿಸುವ ಡಿವಿಡಿ ಡ್ರೈವ್ ನನ್ನ ಹತ್ತಿರ ಇದೆ. ಇಂಥದ್ದಕ್ಕೇ ಅಂತ ಇಟ್ಟಿದ್ದೇನೆ. ಡಿಸ್ಕ್ ಹಾಕಿದೆ. ಒಂದು ಸಲವೂ ತಡವರಿಸದೆ ಓಡಿತು. ಕುಂಕುಮ ಹಚ್ಚಿದ ಬಾಗಿಲು, ಹೂವಿನ ಹಾರ ಹಾಕಿದ ಟಿವಿ, ಆಮೇಲೆ ಅವನು. ತೆಳ್ಳಗಿದ್ದ. ಇಸ್ತ್ರಿ ಮಾಡಿದ ಅಂಗಿ. ಒಂದು ಡಿಸ್ಕನ್ನು ಅಂಚಿನಲ್ಲಿ ಹಿಡಿದು ತೋರಿಸುತ್ತಾ, "ನೋಡಿ, ಹೀಗೆ ಹಿಡೀಬೇಕು, ದೋಸೆ ಹಿಡ್ದ ಹಾಗೆ ಹಿಡೀಬೇಡಿ. ತಂದ್ಕೊಡುವಾಗ ಚಟ್ನಿ ಇರಬಾರದು" ಅಂತ ಹೇಳುತ್ತಿದ್ದ. ಹಿಂದೆ ಯಾರೋ ನಗುತ್ತಿದ್ದರು.

ಅವಳು ನಗುತ್ತಾ ಸೆರಗಿನಿಂದ ಕಣ್ಣೊರೆಸಿಕೊಂಡಳು. "ಅಂಗಡಿ ಮುಚ್ಚಿದ ಮೇಲೆ ಇದನ್ನ ಒಂದು ಸಲಾನೂ ಹಾಕಿಲ್ಲ ಅಣ್ಣ. ಅವರು ಹಾಕೋಣ ಅಂತಿದ್ರು. ಹೊಸ ಪ್ಲೇಯರ್ ಹಾಳಾಗತ್ತೆ ಅಂತ ನಾನೇ ಬಿಡ್ತಿರಲಿಲ್ಲ." ಆಮೇಲೆ ನನ್ನ ಡ್ರೈವಿನ ಕಡೆ ನೋಡಿ, "ನಿಮ್ಮ ಮಿಷಿನ್ನಿಗೆ ಏನೂ ಆಗಲ್ಲ ತಾನೆ?" ಅಂದಳು.

ಇಷ್ಟು ವರ್ಷ ಅವಳೂ ಅದನ್ನು ನಂಬಿದ್ದಳು. ಗಂಡನ ಡಿಸ್ಕ್ ಲೆನ್ಸ್ ತಿನ್ನುತ್ತದೆ ಅಂತ.

ನನ್ನ ಬಾಯಿಂದ ಬಂದದ್ದು ಇಷ್ಟು: "ಇಲ್ಲಮ್ಮ, ಇದು ಹೊಸ ಟೆಕ್ನಾಲಜಿ, ಇದರ ಲೆನ್ಸು..."

ಕಾಫಿ ತಂದಿಟ್ಟ ನನ್ನ ಹೆಂಡತಿ ಅಲ್ಲೇ ನಿಂತಳು. "ರೀ" ಅಂದಳು. "ಆವತ್ತು ನಿಮ್ಮ ಅಂಗಿ ಜೇಬಲ್ಲಿ ಥಿನ್ನರ್ ವಾಸನೆ ಬರ್ತಿತ್ತು. ನಾನೇ ಒಗೆದಿದ್ದು. ನಾನೂ ಬಾಯಿಬಿಡಲಿಲ್ಲ. ಈಗಲಾದ್ರೂ ಹೇಳಿ."

ಹೇಳಿದೆ. ಗಾಜಂತ ತಿಳಿದದ್ದು, ನಾಲ್ಕು ಮನೆಯ ಪ್ಲೇಯರ್ ಒರೆಸಿದ್ದು, ಗಾಂಧಿ ಬಜಾರಿನವನು ಹೇಳಿದ್ದು, ಗೇಟಿನಲ್ಲಿ ನಾನು ಹುಟ್ಟಿಸಿದ್ದು, ದಪ್ಪ ಲೆನ್ಸಿನ ಕಥೆ, ಒಂದನ್ನೂ ಬಿಡಲಿಲ್ಲ. ಪರದೆಯ ಮೇಲೆ ಅವನು ಡಿಸ್ಕ್ ಹಿಡಿದುಕೊಂಡು ನಿಂತೇ ಇದ್ದ. ನಾನು ಹೇಳಲು ಶುರುಮಾಡಿದಾಗ ನಿಲ್ಲಿಸಿದ್ದೆ.

"ತಪ್ಪಾಯ್ತಮ್ಮ" ಅಂದೆ.

ಅವನ ಹೆಂಡತಿ ಪರದೆಯ ಕಡೆ ತಿರುಗಿದಳು. "ಅವರು ಹೇಳ್ತಿದ್ರು ಅಣ್ಣ. ಅಣ್ಣ ಏನೋ ಹಾಕಿ ಒರೆಸಿದಾರೆ ಅಂತ. ನಾನು ಬೈದೆ. ಅಷ್ಟು ವರ್ಷ ಮಿಷಿನ್ ನೋಡಿದವರಿಗಿಂತ ನಿಮಗೆ ಜಾಸ್ತಿ ಗೊತ್ತಾ, ಅಗ್ಗದ ಮಾಲು ತಂದು ನೀವೇ ಮನೆ ಹಾಳು ಮಾಡಿದ್ರಿ ಅಂತ ಬೈದೆ. ಆಮೇಲೆ ಅವರು ಆ ಮಾತೇ ಎತ್ತಲಿಲ್ಲ."

ನನ್ನ ಹೆಂಡತಿ ಅವಳ ಪಕ್ಕ ಹೋಗಿ ಕೂತಳು.

"ಕಾಫಿ ಆರಿಹೋಯ್ತು, ಬೇರೆ ತರ್ತೀನಿ" ಅಂದಳು.

"ಬೇಡ ಅಕ್ಕ, ಇದೇ ಕುಡೀತೀನಿ." ಕುಡಿದಳು. ಲೋಟ ಕೆಳಗಿಟ್ಟು ನನಗೆ, "ಪೂರ್ತಿ ಕಾಪಿ ಮಾಡಿಕೊಡಿ ಅಣ್ಣ. ಮಧ್ಯೆ ಕಟ್ ಮಾಡ್ಬೇಡಿ" ಅಂದಳು. ಸಿಟ್ಟಿನಿಂದ ಹೇಳಿದಳೋ ಇಲ್ಲವೋ ತಿಳಿಯಲಿಲ್ಲ. ಮಾಡಿಕೊಟ್ಟೆ. ಎರಡು ಪೆನ್ ಡ್ರೈವಿಗೆ ಹಾಕಿದೆ, ಒಂದು ಹೋದರೆ ಇನ್ನೊಂದಿರಲಿ ಅಂತ. ಗೇಟಿನ ಹತ್ತಿರ ಅವಳು ಚಪ್ಪಲಿ ಹಾಕಿಕೊಳ್ಳುತ್ತಾ, "ಕ್ವಾರ್ಟರ್ಸಿನವರಿಗೆ ಹೇಳಿ" ಅಂದಳು. "ನನಗೆ ಹೇಳಿದ ಹಾಗೆ, ಪೂರ್ತಿ."

ಮಧ್ಯಾಹ್ನ ಆ ಗುಂಪಿನಲ್ಲಿ ಪೂರ್ತಿ ಬರೆದು ಹಾಕಿದೆ. ಜೀವನದಲ್ಲಿ ಮೊದಲ ಸಲ ನಾನು ಬರೆದದ್ದನ್ನು ಎಲ್ಲರೂ ಓದಿದರು. ಒಬ್ಬರು ಹೂವಿನ ಮೇಲೆ ಶುಭ ಮಧ್ಯಾಹ್ನ ಅಂತ ಬರೆದ ಚಿತ್ರ ಕಳಿಸಿದರು, ಬಹುಶಃ ಅದಕ್ಕೂ ಇದಕ್ಕೂ ಸಂಬಂಧವಿಲ್ಲ. ಎದುರು ಮನೆಯವರು ಫೋನೇ ಮಾಡಿದರು.

"ಅಲ್ಲ ಮಾರಾಯ್ರೆ, ನನ್ನ ಪ್ಲೇಯರ್ ಹಾಳು ಮಾಡಿದ್ದು ನೀವಾ?"

"ನಾನೇ. ಕ್ಷಮಿಸಿ."

"ಪ್ಲೇಯರ್ ಹೋಗ್ಲಿ ಬಿಡಿ, ಅದೊಂದು ಡಬ್ಬ." ಆಮೇಲೆ ಅಂದರು, "ಅವನ ಮುಖಕ್ಕೇ ಹೇಳಿಬಿಟ್ಟಿದ್ದೆ ನಾನು, ನಿನ್ನ ಅಂಗಡಿ ಕಡೆ ತಲೆ ಹಾಕಲ್ಲ ಅಂತ. ಸಮಜಾಯಿಷಿ ಹೇಳಕ್ಕೆ ನಮ್ಮನೆಗೆ ಬಂದಾಗ ಅವನಿಗೆ ಒಂದು ಲೋಟ ನೀರೂ ಕೊಟ್ಟಿರಲಿಲ್ಲ."

ಮೂಲೆ ಮನೆಯವರಿಗೆ, ಪಕ್ಕದ ಮನೆಯವರಿಗೆ ನಾನೇ ಫೋನ್ ಮಾಡಿದೆ. ಅವರೂ ಪರವಾಗಿಲ್ಲ ಅಂದರು. ಪ್ಲೇಯರಿನ ವಿಷಯದಲ್ಲಿ ಎಲ್ಲರೂ ಬಹಳ ಉದಾರಿಗಳು.

ಹೋದ ವಾರ ನಾವಿಬ್ಬರೂ ರಾಗಿಗುಡ್ಡದ ಅವರ ಮನೆಗೆ ಹೋಗಿದ್ದೆವು. ಮಗಳು ಬಾಗಿಲು ತೆರೆದಳು, ಕೂರಿಸಿ ಒಳಗೆ ಹೋದಳು. ಹೊಸ ಟಿವಿಯಲ್ಲಿ ಪೆನ್ ಡ್ರೈವ್ ಓಡುತ್ತಿರಲಿಲ್ಲ. ಸೆಟ್ಟಿಂಗಿನಲ್ಲಿ ಒಂದು ಕಡೆ ಸರಿಮಾಡಬೇಕಿತ್ತು, ಮಾಡಿದೆ. ಕೈಯಲ್ಲಿ ರಿಮೋಟ್ ಬಿಟ್ಟು ಬೇರೇನನ್ನೂ ಹಿಡಿದಿರಲಿಲ್ಲ. ಅವನ ದನಿ ಆ ಕೋಣೆಯಲ್ಲಿ ಕೇಳಿಸಿದಾಗ ಅವಳು ಅಡುಗೆಮನೆಯಿಂದ ಬಂದು ಬಾಗಿಲಿಗೆ ಒರಗಿ ನಿಂತಳು.

ಹೊರಡುವಾಗ ಇನ್ನೊಂದು ಸಲ ಕೈ ಮುಗಿದೆ. "ನನ್ನನ್ನ ಎಷ್ಟು ಸಲ ಕೇಳ್ತೀರಾ ಅಣ್ಣ" ಅಂದಳು. "ಅವರ ಹತ್ರ ನಾನೂ ಕೇಳಬೇಕಿದ್ದವಳೇ."

ಅವಳ ಕ್ಷಮೆ ಕೇಳಿದ್ದೇನೆ, ನೆರೆಮನೆಯವರ ಕ್ಷಮೆ ಕೇಳಿದ್ದೇನೆ, ಇಷ್ಟು ವರ್ಷ ಬಾಯಿ ಕಟ್ಟಿಸಿ ಕೂರಿಸಿದ್ದಕ್ಕೆ ನನ್ನ ಹೆಂಡತಿಯದ್ದೂ ಕೇಳಿದ್ದೇನೆ. ಬಸ್ಸಿನಲ್ಲಿ ಪಕ್ಕದಲ್ಲೇ ಕೂತಿದ್ದಾಗ ಕೇಳದೆ ಉಳಿದದ್ದು ಒಬ್ಬನನ್ನೇ. ಭದ್ರಾವತಿಯ ನಮ್ಮ ಹಿಂದಿನ ರಸ್ತೆಯ ವಿಡಿಯೊ ಲೈಬ್ರರಿಯವನನ್ನು.